ಒಬ್ಬರೇ ಕೃಷ್ಣ, ಎರಡು ಮಾರ್ಕ್ಸ್ ಕಾರ್ಡ್

ಅಮೆರಿಕದ ಅಧ್ಯಕ್ಷರ ಕೆಲಸ ಹೇಗಿದೆ ಅಂತ ಗ್ಯಾಲಪ್ ಸಂಸ್ಥೆ ದಶಕಗಳ ಕಾಲ ಅಲ್ಲಿನ ಜನರನ್ನು ಕೇಳುತ್ತಾ ಬಂದಿತ್ತು. 1952ರಲ್ಲಿ ಟ್ರೂಮನ್ ಕೆಲಸವನ್ನು ಮೆಚ್ಚಿದವರು ಬರೀ ಶೇ 22. ಈಗ ಇತಿಹಾಸಕಾರರು ಅವರನ್ನೇ ಒಳ್ಳೆಯ ಅಧ್ಯಕ್ಷರ ಸಾಲಿನಲ್ಲಿ ಕೂರಿಸುತ್ತಾರೆ. ಇದಕ್ಕಿಂತ ಮಜಾ ಅಂದ್ರೆ 2016ರ ನವೆಂಬರ್. ಟ್ರಂಪ್ ಗೆದ್ದ ಕೆಲವೇ ದಿನಗಳಲ್ಲಿ ರಿಪಬ್ಲಿಕನ್ ಬೆಂಬಲಿಗರಿಗೆ ದೇಶದ ಆರ್ಥಿಕತೆ ಇದ್ದಕ್ಕಿದ್ದ ಹಾಗೆ ಚೆನ್ನಾಗಿ ಕಾಣತೊಡಗಿತು. ಕುರ್ಚಿಯಲ್ಲಿ ಇನ್ನೂ ಒಬಾಮ ಇದ್ದರು. ಬದಲಾಗಿದ್ದು ನೋಡುವವರ ಕನ್ನಡಕ ಮಾತ್ರ.

ನಗಬೇಡಿ. ನಮ್ಮಲ್ಲೂ ಒಂದು ಉದಾಹರಣೆ ಇದೆ: ಎಸ್.ಎಂ. ಕೃಷ್ಣ. 1999ರಿಂದ 2004ರವರೆಗೆ ಕಾಂಗ್ರೆಸ್ ಮುಖ್ಯಮಂತ್ರಿ. 2017ರ ಮಾರ್ಚ್‌ನಲ್ಲಿ ಬಿಜೆಪಿಗೆ ಹೋದರು. ಮುಖ್ಯಮಂತ್ರಿಯಾಗಿ ಮಾಡಿದ ಕೆಲಸದ ಕಡತಕ್ಕೆ ಆ ಹದಿಮೂರು ವರ್ಷಗಳಲ್ಲಿ ಒಂದು ಹಾಳೆಯೂ ಸೇರಿಲ್ಲ. ಆದರೆ ಪಕ್ಷ ಬದಲಾದ ಕೂಡಲೇ ಹೊಗಳುವವರೂ ತೆಗಳುವವರೂ ಜಾಗ ಅದಲು ಬದಲು ಮಾಡಿಕೊಂಡದ್ದನ್ನು ನಾನು ಶ್ರೀರಾಂಪುರದ ಟೀ ಅಂಗಡಿಯಲ್ಲೂ ನೋಡಿದೆ, ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲೂ ನೋಡಿದೆ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಎಲ್ಲ ಪಕ್ಷದವರೂ ಒಟ್ಟಿಗೆ ಹೊಗಳಿದರು.

ಅವರ ಬಗ್ಗೆ ಚಾಲ್ತಿಯಲ್ಲಿರೋದು ಎರಡು ಕಥೆ. ಒಂದು, 'ಐಟಿ ಬೆಂಗಳೂರು ಕಟ್ಟಿದ್ದೇ ಕೃಷ್ಣ'. ಇದು ನಮ್ಮಂಥ ಸಂಬಳದವರ ಕಥೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಿದ್ದು 1985ರಲ್ಲಿ. ರಾಜ್ಯದ ಮೊದಲ ಐಟಿ ನೀತಿ ಬಂದಿದ್ದು 1997ರಲ್ಲಿ, ಜೆ.ಎಚ್. ಪಟೇಲರ ಕಾಲದಲ್ಲಿ. ಕೃಷ್ಣ ಆ ಬಂಡಿಗೆ ವೇಗ ಕೊಟ್ಟರು. ನಂದನ್ ನಿಲೇಕಣಿ ನೇತೃತ್ವದಲ್ಲಿ ಕಾರ್ಯಪಡೆ ಮಾಡಿ ನಗರದ ಆಡಳಿತಕ್ಕೆ ಹೊರಗಿನವರನ್ನು ಕರೆತಂದರು. ಅದು ಸಣ್ಣ ಕೆಲಸವೇನಲ್ಲ. ಆದರೆ ಬಂಡಿ ಕಟ್ಟಿದವರು ಬೇರೆಯವರು.

ಎರಡನೆಯದು, 'ಹಳ್ಳಿ ಮರೆತರು, ಜನ ಮನೆಗೆ ಕಳಿಸಿದರು'. ಬರ, ರೈತರ ಆತ್ಮಹತ್ಯೆ, ಕಾವೇರಿ ಗಲಾಟೆ ಎಲ್ಲಾ ನಿಜ. ಆದರೆ ಪಹಣಿ ಕಂಪ್ಯೂಟರಿಗೆ ಹೋದ 'ಭೂಮಿ', ಶಾಲೆಯ ಬಿಸಿಯೂಟ, ಸಹಕಾರ ಸಂಘಗಳ ರೈತರಿಗೆ 'ಯಶಸ್ವಿನಿ', ಹೆಂಗಸರ ಸ್ತ್ರೀಶಕ್ತಿ ಸಂಘಗಳು, ಇವೂ ಅದೇ ಐದು ವರ್ಷದವು. ಇನ್ನು ಮತದ ಲೆಕ್ಕ ನೋಡಿ. 2004ರಲ್ಲಿ ಕಾಂಗ್ರೆಸ್ 132ರಿಂದ 65 ಸೀಟಿಗೆ ಬಿತ್ತು. ಮತ ಬಿದ್ದಿದ್ದು ಶೇ 41ರ ಹತ್ತಿರದಿಂದ ಶೇ 35ಕ್ಕೆ. ಆಗಲೂ ಎಲ್ಲರಿಗಿಂತ ಹೆಚ್ಚು ಮತ ಅದಕ್ಕೇ. 79 ಸೀಟು ಗೆದ್ದ ಬಿಜೆಪಿಗೆ ಸಿಕ್ಕಿದ್ದು ಸುಮಾರು ಶೇ 28. ಸೋಲು ಸೋಲೇ, ಸರಿ. ಆದರೆ 'ಇಡೀ ನಾಡು ತಿರಸ್ಕರಿಸಿತು' ಅನ್ನೋದು ಸೀಟು ಹೇಳುವ ಕಥೆ, ಓಟು ಹೇಳುವ ಕಥೆ ಅಲ್ಲ. ಮದ್ದೂರು ಬಿಟ್ಟು ಆ ಸಲ ಚಾಮರಾಜಪೇಟೆಗೆ ಬಂದು ನಿಂತಿದ್ದ ಕೃಷ್ಣ ಸ್ವತಃ ಗೆದ್ದಿದ್ದರು.

ಈ ರೋಗ ಒಬ್ಬ ನಾಯಕನ ವಿಷಯಕ್ಕೆ ಮಾತ್ರ ಅಂಟಿದ್ದಲ್ಲ. ನಮ್ಮ ಶ್ರೀರಾಂಪುರ ಮೆಟ್ರೋ ಸ್ಟೇಷನ್ನನ್ನೇ ತಗೊಳ್ಳಿ. 2003ರಲ್ಲಿ ದೆಹಲಿ ಮೆಟ್ರೋದವರ ಯೋಜನಾ ವರದಿ ಬಂದಾಗ ಕೃಷ್ಣ ಮುಖ್ಯಮಂತ್ರಿ. 2006ರಲ್ಲಿ ಶಂಕುಸ್ಥಾಪನೆ ಮಾಡಿದ್ದು ಪ್ರಧಾನಿ ಮನಮೋಹನ್ ಸಿಂಗ್, ಆಗ ಇಲ್ಲಿ ಕುಮಾರಸ್ವಾಮಿಯವರ ಜೆಡಿಎಸ್–ಬಿಜೆಪಿ ಸರ್ಕಾರ. ನಗರದ ಮೊದಲ ರೈಲು ಓಡಿದ್ದು 2011ರಲ್ಲಿ, ಬಿಜೆಪಿಯ ಸದಾನಂದ ಗೌಡರ ಕಾಲಕ್ಕೆ. ಶ್ರೀರಾಂಪುರಕ್ಕೆ ರೈಲು ಬಂದಿದ್ದು 2014ರಲ್ಲಿ, ಸಿದ್ದರಾಮಯ್ಯ ಇದ್ದಾಗ. ಒಂದು ಸ್ಟೇಷನ್, ಮೂರು ಪಕ್ಷ. 'ಇದು ನಮ್ಮವರು ಮಾಡಿದ್ದು' ಅಂತ ಯಾರೇ ಹೇಳಲಿ, ಅದು ಕಾಲು ಭಾಗ ನಿಜ.

ಹಾಗಂತ ಪಕ್ಷ ಇಟ್ಟುಕೊಳ್ಳೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಬಿಸಿಯೂಟ ಮುಖ್ಯವಾದವರೂ ಫ್ಲೈಓವರ್ ಮುಖ್ಯವಾದವರೂ ಒಂದೇ ಮಾರ್ಕ್ಸ್ ಕೊಡಬೇಕಿಲ್ಲ. ಬದುಕು ಬೇರೆ, ತೂಕ ಬೇರೆ. ನನ್ನ ತಕರಾರು ಇರೋದು ಉತ್ತರ ಪತ್ರಿಕೆ ಓದದೆ, ಮೇಲಿರುವ ಹೆಸರು ನೋಡಿ ಮಾರ್ಕ್ಸ್ ಹಾಕುವುದರ ಬಗ್ಗೆ. ಹಾಗೆ ಹಾಕಿದರೆ ನಷ್ಟ ನಾಯಕನಿಗಲ್ಲ, ನಮಗೆ. ಏನು ಮಾಡಿದರೂ ಅಭಿಮಾನಿ ಚಪ್ಪಾಳೆ ಹೊಡೀತಾನೆ, ಏನು ಮಾಡಿದರೂ ವಿರೋಧಿ ಬೈತಾನೆ ಅಂತಾದ ಮೇಲೆ, ಯಾವ ನಾಯಕ ಯಾಕೆ ಕೆಲಸ ಮಾಡಬೇಕು?

ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ. ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಬಿಜೆಪಿ ಸರ್ಕಾರ ಇತ್ತು, ಚುನಾವಣೆ ಆಗಲಿಲ್ಲ. 2023ರಲ್ಲಿ ಕಾಂಗ್ರೆಸ್ ಬಂತು, ಆಗಲೂ ವರ್ಷಗಟ್ಟಲೆ ಆಗಲಿಲ್ಲ. ಮೊದಲ ಮೂರು ವರ್ಷ ಒಂದು ಕಡೆಯವರು ಸುಮ್ಮನಿದ್ದರು, ಆಮೇಲೆ ಇನ್ನೊಂದು ಕಡೆಯವರು. ಮೋರಿ ಕಟ್ಟಿಕೊಂಡಾಗ ಹೋಗಿ ಕೇಳೋಕೆ ಒಬ್ಬ ಕಾರ್ಪೊರೇಟರ್ ಇಲ್ಲದೆ ಇದ್ದದ್ದು ಮಾತ್ರ ಎರಡೂ ಕಡೆಯವರ ಬೀದಿಯಲ್ಲಿ.