ಹೊರಗೆ ಡಿಕ್ಲರೇಶನ್, ಒಳಗೆ ‘ಸಾಧನೆ ಮತ್ತು ವೈಫಲ್ಯ’

ಉಜಿರೆಯ ಎಸ್‌ಡಿಎಂ ಕಾಲೇಜು ಶುರುವಾದದ್ದು 1966ರಲ್ಲಿ. ಮೂಡುಬಿದಿರೆಯ ಮಹಾವೀರ, ಬಂಟ್ವಾಳದ ಎಸ್‌ವಿಎಸ್ ಕಾಲೇಜುಗಳೂ ಅದೇ ದಶಕದವು. ಇವು ಕಾಲೂರುವ ಹೊತ್ತಿಗೆ ಬ್ಯಾಂಕು ರಾಷ್ಟ್ರೀಕರಣ, ಭೂಸುಧಾರಣೆ, ತುರ್ತುಪರಿಸ್ಥಿತಿ ಒಂದರ ಬೆನ್ನಿಗೊಂದು ಬಂದವು. ಅರ್ಥಶಾಸ್ತ್ರ ಕಲಿಸಲು ಇದಕ್ಕಿಂತ ಒಳ್ಳೆಯ ಕಾಲ ಬೇಕೇ? ನಮ್ಮ ಪದವಿ ಪಾಠ ಅದನ್ನು ದಂಡ ಮಾಡಿಕೊಂಡಿತು ಎಂಬುದು ನನ್ನ ತಕರಾರು.

ಭೂಸುಧಾರಣೆಯನ್ನೇ ನೋಡಿ. 1974ರ ಮಾರ್ಚ್ 1ರಿಂದ ಗೇಣಿಭೂಮಿ ಸರಕಾರಕ್ಕೆ ಸೇರಿತು. ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ ಕೊಡಬೇಕಾಯಿತು. ಊರಿನ ಬಾಯಲ್ಲಿ ಅದು ಇಂದಿಗೂ ‘ಡಿಕ್ಲರೇಶನ್’. ಭೂನ್ಯಾಯಮಂಡಳಿಯೊಳಗೆ ಮೊದಲು ವಕೀಲರಿಗೆ ಪ್ರವೇಶವಿರಲಿಲ್ಲ. ಹಾಗಾಗಿ, ತಲೆಮಾರುಗಳಿಂದ ಮುಡಿ ಅಕ್ಕಿ ಅಳೆದುಕೊಟ್ಟವನು ಧಣಿಯ ಎದುರು ತಾನೇ ಬಾಯಿಬಿಟ್ಟು ಮಾತಾಡಬೇಕಿತ್ತು. ಧಣಿಯ ಮಗನೂ ಒಕ್ಕಲಿನ ಮಗನೂ ಒಂದೇ ಬೆಂಚಿನಲ್ಲಿ ಕೂರಬಹುದಾಗಿದ್ದ ತರಗತಿಗಳು ಇವು. ಅವರ ಕೈಗೆ ಸಿಕ್ಕಿದ್ದು ಮಾತ್ರ ‘ಭೂಸುಧಾರಣೆ: ಉದ್ದೇಶ, ಸಾಧನೆ, ವೈಫಲ್ಯ’ ಎಂಬ, ಇಡೀ ದೇಶಕ್ಕೆ ಹೊಲಿದ ಒಂದೇ ಅಳತೆಯ ಅಂಗಿ. ದೇಶದ ಬಹುಭಾಗದಲ್ಲಿ ಸೋತ ಭೂಸುಧಾರಣೆ ದಕ್ಷಿಣ ಕನ್ನಡದಲ್ಲಿ ಗೆದ್ದದ್ದೇಕೆ ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿರಲಿಲ್ಲ. ಕಾಯಂ ಹಕ್ಕಿನ ಮೂಲಗೇಣಿ, ಧಣಿಯ ಮರ್ಜಿಯ ಚಾಲಗೇಣಿಗಳ ವ್ಯತ್ಯಾಸ ಮನೆಯಲ್ಲಿ ತಿಳಿಯಬೇಕಿತ್ತು.

ಇನ್ನೂ ಕಷ್ಟದ ಪ್ರಶ್ನೆ ಬೇರೆ ಇದೆ. ವಿರೋಧಿಗಳನ್ನು ಜೈಲಿಗೆ ಹಾಕಿದ ತುರ್ತುಪರಿಸ್ಥಿತಿಯ 20 ಅಂಶಗಳ ಕಾರ್ಯಕ್ರಮದಲ್ಲಿ ಭೂಸುಧಾರಣೆಯೂ ಒಂದು. ಒಕ್ಕಲಿಗೆ ಪಟ್ಟೆ ಸಿಕ್ಕ ಕಾಲವೂ ಮಾತಾಡಿದವರ ಬಾಯಿ ಕಟ್ಟಿದ ಕಾಲವೂ ಒಂದೇ. ಆಗ ಮೇಷ್ಟ್ರುಗಳು ಇದನ್ನು ಚರ್ಚಿಸಲಿಲ್ಲವೆಂದರೆ ಅರ್ಥವಾಗುತ್ತದೆ. 1977ರ ನಂತರ ಹೇಳುವ ನೆವ ಏನು?

ಬ್ಯಾಂಕುಗಳದ್ದೂ ಅದೇ ಕತೆ. ಕೆನರಾ, ಸಿಂಡಿಕೇಟ್ ಹುಟ್ಟಿದ್ದು ಈ ಕರಾವಳಿಯಲ್ಲೇ. ಪಠ್ಯಕ್ಕೆ ಅವು ರಾಷ್ಟ್ರೀಕರಣಗೊಂಡ 14ರಲ್ಲಿ ಎರಡು ಹೆಸರು.

ರಾಜಕೀಯವು ಪಠ್ಯಕ್ರಮವನ್ನು ಮುಟ್ಟಲಿಲ್ಲವೆಂದಲ್ಲ, ಮುಟ್ಟಿದ್ದು ಹೊರಕವಚವನ್ನು. 1980ರಲ್ಲಿ ಮೈಸೂರು ಬಿಟ್ಟು ಮಂಗಳೂರು ವಿಶ್ವವಿದ್ಯಾನಿಲಯ ಬಂತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ, ಸರಕಾರ ಬದಲಾದ ಮೇಲೆ 2024ರಲ್ಲಿ ಮರಳಿ ಮೂರು. ಪ್ರತಿ ಸಲವೂ ಕ್ರೆಡಿಟ್ಟು, ಸೆಮಿಸ್ಟರುಗಳ ಲೆಕ್ಕ ತಿದ್ದುವುದರಲ್ಲೇ ಅಧ್ಯಾಪಕರು ಹೈರಾಣ. ಈ ನಡುವೆ, 2020ರಲ್ಲಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಅದೇ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಯಿತು. ಡಿಕ್ಲರೇಶನ್ನಿನಲ್ಲಿ ಜಾಗ ಪಡೆದವರ ಮೊಮ್ಮಕ್ಕಳು ಈಗ ಬೆಂಚಿನಲ್ಲಿದ್ದಾರೆ. ಗೇಣಿಯೂ ಇಲ್ಲದೆ ಬರೀ ಕೂಲಿಗೆ ದುಡಿದು, ಏಳನೇ ನಮೂನೆ ತುಂಬುವ ಹಕ್ಕೇ ಇಲ್ಲದೆ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮನೆಗಳವರೂ ಅಲ್ಲೇ ಇದ್ದಾರೆ. ಇವರಿಬ್ಬರ ಮನೆ ಲೆಕ್ಕವನ್ನು ಎದುರುಬದುರು ಇಟ್ಟು ಬರೆಸುವ ಒಂದು ಪ್ರಾಜೆಕ್ಟಿಗೆ ವಿಶ್ವವಿದ್ಯಾನಿಲಯದ ಅಪ್ಪಣೆ ಕಾಯಬೇಕಾಗಿಲ್ಲ.