ಶಾಂತಿ ಕಾಯಲು ಬಂದವರ ಆತ್ಮಕಥೆ: ಸುರಪುರದಿಂದ ಕಾಂಗೋವರೆಗೆ

ಯಾದಗಿರಿಯಿಂದ ಸುರಪುರಕ್ಕೆ ಹೋಗುವ ಬಸ್ಸು ಭೀಮೆಯನ್ನು ದಾಟಿ ಶಹಾಪುರ ಸೇರುವ ಹೊತ್ತಿಗೆ, ಬುದ್ಧ ಮಲಗಿದಂತೆ ಕಾಣುವ ಗುಡ್ಡಸಾಲು ಎದುರಾಗುತ್ತದೆ. ಆ ದಾರಿಯಲ್ಲಿ ಹೋಗುವಾಗ ನನ್ನ ಚೀಲದಲ್ಲಿ ಎರಡು ಪುಸ್ತಕಗಳಿದ್ದವು. ಒಂದು ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆ. ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳು ಸಂಪಾದಿಸಿ ಹೊರತಂದದ್ದು. ಇನ್ನೊಂದು ರಾಜೇಶ್ವರ ದಯಾಳರು 1976ರಲ್ಲಿ ಪ್ರಕಟಿಸಿದ ಕಾಂಗೋ ನೆನಪುಗಳು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಹ್ಯಾಮರ್‌ಶೋಲ್ಡರ ವಿಶೇಷ ಪ್ರತಿನಿಧಿಯಾಗಿ ದಯಾಳರು 1960ರ ಸೆಪ್ಟೆಂಬರಿನಿಂದ 1961ರ ಮೇವರೆಗೆ ಆ ಹುದ್ದೆಯಲ್ಲಿದ್ದರು. ನನ್ನ ಸಂಶೋಧನೆಗೆ ಬೇಕಿದ್ದದ್ದು ಮೊದಲನೆಯದು ಮಾತ್ರ. ಆದರೆ ಎರಡನ್ನೂ ಜೊತೆಗಿಟ್ಟು ಓದಿದ ಮೇಲೆ ಟೇಲರನನ್ನು ಮೊದಲಿನಂತೆ ಓದಲು ಆಗುತ್ತಿಲ್ಲ.

ಟೇಲರ್ ಸುರಪುರಕ್ಕೆ ಬಂದದ್ದು 1841ರಲ್ಲಿ. ರಾಜಮನೆತನದೊಳಗಿನ ಜಗಳ, ಸಾಲ, ಬಂದೂಕು ಹಿಡಿದ ಬೇಡರ ಪಡೆ, ಈ ಎಲ್ಲವನ್ನೂ ಹದ್ದುಬಸ್ತಿಗೆ ತರಲು ಬ್ರಿಟಿಷರು ಕಳಿಸಿದ ಮನುಷ್ಯ. ಬಾಲಕ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬರುವವರೆಗೆ ಆಡಳಿತವೂ ಅವನದೇ. ರಸ್ತೆ ಮಾಡಿಸಿದ, ಬೋನಾಳ ಕೆರೆಯನ್ನು ಹಿಗ್ಗಿಸಿದ, ಬೆಟ್ಟದ ಮೇಲೆ ಬಂಗಲೆ ಕಟ್ಟಿಸಿದ. ಆ ಟೇಲರ್ ಮಂಜಿಲ್ ಇಂದಿಗೂ ಇದೆ, ಊರಿನವರ ಮಾತಿನಲ್ಲಿ ಅವನ ಬಗ್ಗೆ ಅಕ್ಕರೆಯೂ ಇದೆ. ಅಕ್ಕರೆ ಸುಳ್ಳಲ್ಲ. ಆತ್ಮಕಥೆಯ ಸುರಪುರದ ಅಧ್ಯಾಯಗಳಲ್ಲಿ ಅವನ ಪ್ರೀತಿಯೂ ಸುಳ್ಳಲ್ಲ. ನನ್ನ ತಕರಾರು ಆ ಪ್ರೀತಿ ಕಥನದೊಳಗೆ ಮಾಡುವ ಕೆಲಸದ ಬಗ್ಗೆ. ಅದು ಇಡೀ ಸಂಸ್ಥಾನವನ್ನು ಮಗುವಾಗಿಸುತ್ತದೆ. ರಾಣಿ ಈಶ್ವರಮ್ಮ ಹಟಮಾರಿ, ರಾಜ ದಾರಿತಪ್ಪಿದ ಹುಡುಗ, ಬೇಡರು ಮುಗ್ಧರು, ಕಥೆಯಲ್ಲಿ ವಯಸ್ಕ ಒಬ್ಬನೇ. 1853ರಲ್ಲಿ ಅವನು ಹೊರಟುಹೋದ ಮೇಲೆ ಎಲ್ಲವೂ ಕೆಟ್ಟಿತೆಂದು ಓದುಗ ನಂಬುವಂತೆ ಕಥನ ಸಾಗುತ್ತದೆ. 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ಸೈನ್ಯ ಬಂತು, ಕ್ಯಾಪ್ಟನ್ ನ್ಯೂಬೆರಿ ಸತ್ತ, ರಾಜ ಹೈದರಾಬಾದಿಗೆ ಹೋಗಿ ಸೆರೆಸಿಕ್ಕ. ಇದಕ್ಕೆ ರಾಜಕೀಯ ಕಾರಣಗಳಿದ್ದವೆನ್ನುವುದು ಪುಸ್ತಕದಲ್ಲಿ ಮಸುಕಾಗಿ, ತಂದೆಯಿಲ್ಲದ ಮಗ ಕೆಟ್ಟ ಕಥೆಯೇ ಮುಂದೆ ಬರುತ್ತದೆ.

ಈ ಕಥನ ಒಂದೇ ಕಡೆ ಬಿರುಕು ಬಿಡುತ್ತದೆ, ಹೈದರಾಬಾದಿನ ಸೆರೆಯಲ್ಲಿ ಇಬ್ಬರೂ ಭೇಟಿಯಾಗುವಲ್ಲಿ. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಾನೆ, ಅಳುತ್ತಾನೆ. ಆದರೆ ಜೀವಭಿಕ್ಷೆ ಕೇಳಲಾರೆ ಎನ್ನುತ್ತಾನೆ. ಸಾಯಿಸುವುದಾದರೆ ಕಳ್ಳನಂತೆ ನೇಣು ಬೇಡ, ತೋಪಿನ ಬಾಯಿಗೆ ಕಟ್ಟಿ ಎಂಬ ಅರ್ಥದ ಮಾತಾಡುತ್ತಾನೆ. ಮಗು ಹೀಗೆ ಮಾತಾಡುವುದಿಲ್ಲ. ಟೇಲರ್ ಮೂಲತಃ ಕಾದಂಬರಿಕಾರ, ಠಕ್ಕರ ಮೇಲಿನ ಕಾದಂಬರಿಯಿಂದ 1839ರಲ್ಲೇ ಹೆಸರು ಮಾಡಿದವನು. ಹಾಗಾಗಿಯೋ ಏನೋ, ಇಲ್ಲಿ ಅಧಿಕಾರಿ ಸುಮ್ಮನಾಗಿ ಪಾತ್ರಕ್ಕೆ ಮಾತಾಡಲು ಬಿಡುತ್ತಾನೆ. ಮುಂದೆ ಶಿಕ್ಷೆ ಇಳಿದು, ಚೆಂಗಲ್‌ಪಟ್ಟಿಗೆ ಸಾಗಿಸುವ ದಾರಿಯಲ್ಲಿ ರಾಜ ಗುಂಡು ತಗುಲಿ ಸತ್ತಾಗ, ಟೇಲರ್ ಮತ್ತೆ ಜಾತಕದ ಭವಿಷ್ಯಕ್ಕೆ ಮೊರೆಹೋಗುತ್ತಾನೆ. ಇಪ್ಪತ್ತನಾಲ್ಕನೆಯ ವಯಸ್ಸಿನ ಗಂಡಾಂತರ ಮೊದಲೇ ಬರೆದಿತ್ತಂತೆ. ವಿಧಿಯ ಮೇಲೆ ಹಾಕಿದರೆ ಯಾರೂ ಉತ್ತರಿಸಬೇಕಾಗಿಲ್ಲ.

ದಯಾಳರ ಪುಸ್ತಕದಲ್ಲೂ ಇಂಥದೇ ಒಂದು ಸಾವಿದೆ. 1960ರ ಜೂನ್ 30ರಂದು ಸ್ವತಂತ್ರವಾದ ಕಾಂಗೋ ಎರಡೇ ವಾರದಲ್ಲಿ ಸೈನ್ಯದ ದಂಗೆ, ಕಟಾಂಗಾ ಪ್ರಾಂತದ ಪ್ರತ್ಯೇಕತೆ, ಬೆಲ್ಜಿಯನ್ ಪಡೆಗಳ ಮಧ್ಯಪ್ರವೇಶಗಳಿಗೆ ಸಿಕ್ಕಿತು. ವಿಶ್ವಸಂಸ್ಥೆಯ ಪಡೆ ಬಂತು. ಪದಚ್ಯುತನಾದ ಪ್ರಧಾನಿ ಲುಮುಂಬಾನ ಮನೆಗೆ ಆ ಪಡೆಯ ಕಾವಲಿತ್ತು, ಆದರೆ ಅದು ಮನೆಯೊಳಗೆ ಇರುವವರೆಗೆ ಮಾತ್ರ. ನವೆಂಬರ್ 27ರ ರಾತ್ರಿ ಆತ ತಪ್ಪಿಸಿಕೊಂಡು ಹೊರಟ, ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದ, 1961ರ ಜನವರಿ 17ರಂದು ಕಟಾಂಗಾದಲ್ಲಿ ಕೊಲೆಯಾದ. ಅಂತರ್ಯುದ್ಧ ತಡೆಯಲು ಕೊನೆಯ ಉಪಾಯವಾಗಿ ಬಲ ಬಳಸಬಹುದೆಂದು ಭದ್ರತಾ ಮಂಡಳಿ ಒಪ್ಪಿದ್ದು ಆಮೇಲೆ, ಫೆಬ್ರವರಿ 21ಕ್ಕೆ. ದಯಾಳರ ಗದ್ಯ ಟೇಲರನಷ್ಟು ಚೆಂದವಿಲ್ಲ, ರಾಯಭಾರಿಯ ವರದಿಯ ಒಣ ಭಾಷೆ. ಆದರೆ ಅವರಿಗೆ ಜಾತಕವಿಲ್ಲ. ಯಾವ ಆದೇಶ ಎಲ್ಲಿಯವರೆಗೆ ಇತ್ತು, ಯಾವ ದೇಶ ಏನು ಬಯಸಿತು ಎಂಬ ಲೆಕ್ಕ ಕೊಡುತ್ತಾರೆ. ಅದು ಸಮರ್ಥನೆಯೂ ಹೌದು. ಆದರೆ ವಾದಿಸಬಹುದಾದ ಸಮರ್ಥನೆ.

ಟೇಲರನಿಗೆ ಏಕವಚನ, ದಯಾಳರಿಗೆ ಬಹುವಚನ ಬಳಸುತ್ತಿದ್ದೇನೆ ಎಂಬುದು ಇಲ್ಲಿಗೆ ಬಂದಾಗ ಗಮನಕ್ಕೆ ಬಂತು. ಲುಮುಂಬಾನಿಗೂ ಏಕವಚನವೇ! ತಿದ್ದಿಲ್ಲ.

ಇಬ್ಬರೂ ಒಂದೇ ಎಂದು ಹೇಳುತ್ತಿಲ್ಲ. ಟೇಲರನಿಗೆ ಸಂಬಳ ಕೊಡುತ್ತಿದ್ದವರ ಪಡೆಯೇ ಕೊನೆಗೆ ಸುರಪುರಕ್ಕೆ ನುಗ್ಗಿತು. ದಯಾಳರು ಸ್ವತಃ ವಸಾಹತಾಗಿದ್ದ ದೇಶದಿಂದ ಹೋದವರು. ಹಾಗಿದ್ದೂ ಸುರಪುರದ ಓದುಗನಿಗೆ ಎರಡನೆಯ ಪುಸ್ತಕ ಹೆಚ್ಚು ಕಸಿವಿಸಿ ಮಾಡಬೇಕು. ಟೇಲರನ ಮುಂದೆ ನಾವು ಕಾಯಲ್ಪಟ್ಟವರು, ದಯಾಳರ ಪಕ್ಕದಲ್ಲಿ ಕಾಯುವವರು. 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ ಹೋರಾಡಿ ಮಡಿದು ಪರಮವೀರ ಚಕ್ರ ಪಡೆದ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ಬೆಂಗಳೂರಿನ ಸೈನಿಕ ಶಾಲೆಯಲ್ಲೂ ಓದಿದವರು. 2022ರ ಜುಲೈನಲ್ಲಿ ಬುಟೆಂಬೊದಲ್ಲಿ ಜನರೇ ವಿಶ್ವಸಂಸ್ಥೆಯ ನೆಲೆಯ ಮೇಲೆ ತಿರುಗಿಬಿದ್ದಾಗ ಗಡಿ ಭದ್ರತಾ ಪಡೆಯ ಇಬ್ಬರು ಸತ್ತರು. ನಮ್ಮ ಸುದ್ದಿಗಳಲ್ಲಿ ಆ ಇಬ್ಬರ ಬಗ್ಗೆ ನ್ಯಾಯವಾಗಿಯೇ ದುಃಖವಿತ್ತು. ಬೀದಿಗಿಳಿದವರು ಏನು ಕೇಳುತ್ತಿದ್ದರು ಎಂಬ ಪ್ರಶ್ನೆಗೆ ನಾನು ಓದಿದ ವರದಿಗಳಲ್ಲಿ ಜಾಗ ಕಡಿಮೆಯಿತ್ತು.

ಈ ಕಾರಣಕ್ಕೇ ಹಲಗಲಿಯ ಬೇಡರ ಲಾವಣಿ ನನಗೆ ಟೇಲರನಿಗಿಂತ ಮುಖ್ಯ ಪಠ್ಯವಾಗಿ ಕಾಣತೊಡಗಿದೆ. ಅದರ ವಸ್ತುವೇ ನಿಶ್ಶಸ್ತ್ರೀಕರಣ, 1857ರಲ್ಲಿ ಹತಾರ ಒಪ್ಪಿಸಿರೆಂಬ ಆಜ್ಞೆಯನ್ನು ಒಲ್ಲೆನೆಂದವರ ಹಾಡು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಫ್ಲೀಟನೂ ಬ್ರಿಟಿಷ್ ಅಧಿಕಾರಿಯೇ. ಆದರೂ ಹಾಡಿನೊಳಗೆ ಅವನು ಎಲ್ಲಿಯೂ ಇಲ್ಲ.