ದುಂದು ಯಾರದು?

ಸಣ್ಣ ಹತ್ತಿ ರೈತ ಗೊಬ್ಬರ, ಔಷಧಿ ದುಂದು ಮಾಡುತ್ತಾನೆ, ತಿಳಿವಳಿಕೆ ಕೊಟ್ಟರೆ ಕಡಿಮೆ ಖರ್ಚಿನಲ್ಲಿ ಅಷ್ಟೇ ಬೆಳೆಯಬಲ್ಲ. ದಕ್ಷತೆಯ ಅಧ್ಯಯನಗಳು ಬಹುಮಟ್ಟಿಗೆ ಬಂದು ನಿಲ್ಲುವುದು ಇಲ್ಲೇ. ಅವುಗಳ ಹಿಂದಿನ ಶ್ರಮದ ಬಗ್ಗೆ ನನಗೆ ಗೌರವವಿದೆ. ತೀರ್ಪನ್ನು ಮಾತ್ರ ಒಪ್ಪಲಾರೆ.

ಅತಿ ಚೆನ್ನಾಗಿ ಬೆಳೆದವರ ಮಟ್ಟಕ್ಕೆ ಹೋಲಿಸಿ ಉಳಿದವರ ದಕ್ಷತೆ ಅಳೆಯುವ ಫ್ರಾಂಟಿಯರ್ ವಿಶ್ಲೇಷಣೆಯೇ ಈ ಅಧ್ಯಯನಗಳ ಸಾಧನ. ಅದು ಲೆಕ್ಕಕ್ಕೆ ಕೂರುವುದು ಹತ್ತಿ ತೂಗಿದ ಮೇಲೆ. ಎರೆಹೊಲದ ರೈತ ಲೆಕ್ಕ ಹಾಕುವುದು ಮೋಡ ನೋಡುತ್ತ. ಮೇಲುಗೊಬ್ಬರ ಹಾಕಿದ ವಾರದಲ್ಲಿ ಮಳೆ ಬಂದರೆ ಅವನು ದಕ್ಷ, ಬಾರದಿದ್ದರೆ ಅದಕ್ಷ. ಈ ವಿಶ್ಲೇಷಣೆಯ ಸ್ಟೊಕಾಸ್ಟಿಕ್ ಮಾದರಿ ಅದೃಷ್ಟವನ್ನು ದೋಷಪದಕ್ಕೆ (ಎರರ್ ಟರ್ಮ್) ಸೇರಿಸಿ ದಕ್ಷತೆಯಿಂದ ಬೇರೆ ಮಾಡುತ್ತದಲ್ಲ ಎನ್ನಬಹುದು. ಬಿದ್ದ ಮಳೆ ಅಲ್ಲಿ ಸೇರೀತು. ಬೀಳಲಿಕ್ಕಿಲ್ಲ ಎಂಬ ಭಯ ಸೇರುವುದಿಲ್ಲ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದನ್ನು ತೀರ್ಮಾನಿಸುವುದು ಆ ಭಯವೇ.

ಯೂರಿಯಾ ಅತಿಯಾಯಿತು ಎನ್ನುವ ದೂರನ್ನು ನೋಡಿ. 45 ಕೆ.ಜಿ. ಯೂರಿಯಾ ಚೀಲಕ್ಕೆ ಸುಮಾರು 266 ರೂಪಾಯಿ, 50 ಕೆ.ಜಿ. ಡಿಎಪಿಗೆ 1,350. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟು ಅಗ್ಗವಾಗಿಯೇ ಉಳಿಸಿದ್ದು ಸರ್ಕಾರ. ಅಗ್ಗದ ಚೀಲದ ಕಡೆಗೆ ಕೈ ಹೋಗುವುದಕ್ಕೆ ಅಜ್ಞಾನ ಎಂಬ ಹೆಸರು ಸಲ್ಲದು. 2008ರ ಜೂನ್‌ನಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್ ಆಯಿತು. ಅದನ್ನು ಕಂಡ ಸೀಮೆಯಲ್ಲಿ ಜನ ಬೆಳೆಗೆ ಬೇಕಾಗುವ ದಿನಕ್ಕೆ ಕಾಯದೆ, ಸಿಕ್ಕಿದ ದಿನವೇ ಚೀಲ ಹೊತ್ತು ತರುತ್ತಾರೆ.

ರೈತನ ತಪ್ಪೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ‘ಬಡವ, ಆದರೆ ದಕ್ಷ’ ಎಂದು 1964ರಲ್ಲಿ ಅರ್ಥಶಾಸ್ತ್ರಜ್ಞ ಥಿಯೊಡೋರ್ ಶುಲ್ಟ್ಜ್ ಮುಂದಿಟ್ಟ ವಾದ ಹತ್ತಿಯ ಹೊಲದಲ್ಲಿ ಪೂರ್ತಿ ನಿಲ್ಲುವುದಿಲ್ಲ. ಒಂದೇ ಟ್ಯಾಂಕಿಗೆ ಎರಡು ಮೂರು ಎಣ್ಣೆ ಬೆರೆಸಿ ಹೊಡೆಯುವುದು ತಪ್ಪೇ. ಬಿಟಿ ಬೀಜದ ಜೊತೆ ಬಂದ 120 ಗ್ರಾಂ ಬಿಟಿಯೇತರ ಬೀಜವನ್ನು ಹೊಲದ ಅಂಚಿಗೆ ಬಿತ್ತದೆ ಬಿಟ್ಟದ್ದೂ ತಪ್ಪೇ. ಗುಲಾಬಿ ಕಾಯಿಕೊರಕ ಹುಳು ಬಿಟಿಯನ್ನು ಅರಗಿಸಿಕೊಳ್ಳಲು ಅದೂ ಒಂದು ಕಾರಣವಾಯಿತು. ಆದರೆ ಎಕರೆ ಎರಡೆಕರೆಯವನಿಗೆ ಆ ಅಂಚನ್ನು ಬಿಟಿಯೇತರ ಬೀಜಕ್ಕೆ ಬಿಡುವುದೆಂದರೆ ಊರಿನ ಒಳಿತಿಗಾಗಿ ತನ್ನ ಫಸಲು ಬಿಟ್ಟುಕೊಟ್ಟಂತೆ. ಅದಕ್ಕೆ ಯಾರೂ ಅವನಿಗೆ ಪರಿಹಾರ ಕೊಡಲಿಲ್ಲ. ಇನ್ನು, ಯಾವ ಎಣ್ಣೆ ಹೊಡೆಯಬೇಕೆಂದು ಅವನಿಗೆ ಹೇಳುವವನು ಅದನ್ನು ಉದ್ರಿ ಕೊಡುವ ಅಂಗಡಿಯವನೇ. ಉದ್ರಿ ತೀರದವನು ಅಂಗಡಿ ಬದಲಿಸಲಾರ, ಸಲಹೆಯನ್ನೂ ಬದಲಿಸಲಾರ.

ಸಮೀಕ್ಷೆಗೆ ಹೊರಡುವವರಲ್ಲಿ ನನ್ನದೊಂದು ಕೋರಿಕೆ: ಎಷ್ಟು ಚೀಲ ಹಾಕಿದಿರಿ ಎಂದು ಕೇಳುವ ಜಾಗದಲ್ಲೇ ಇನ್ನೆರಡು ಕಾಲಂ ಸೇರಿಸಿ. ಗೊಬ್ಬರ ಯಾವತ್ತು ಸಿಕ್ಕಿತು? ಯಾರ ಉದ್ರಿಯಲ್ಲಿ ತಂದಿರಿ?